ಹಪ್ಪಳ ಒಣಗುತ್ತೆ, ಹಾಸಿಗೆ ಒಣಗಲ್ಲ

ಕಳೆದ ತಿಂಗಳು ನಮ್ಮ ಆಫೀಸಿನ ವಾಟ್ಸಾಪ್ ಗ್ರೂಪಿಗೆ ಅವರ ಫೋಟೋ ಬಂತು. ಹಿಂದೆಯೇ ಸಾಲುಸಾಲಾಗಿ ಕೈಮುಗಿದ ಚಿತ್ರಗಳು. 'ನಮ್ಮ ಹೆಮ್ಮೆಯ ಹಿರಿಯ ಟೆಕ್ನೀಷಿಯನ್ ಇನ್ನಿಲ್ಲ, ಕಂಪನಿಗೆ ತುಂಬಲಾರದ ನಷ್ಟ' ಎಂದು ಶಿವಮೊಗ್ಗದ ಏರಿಯಾ ಮ್ಯಾನೇಜರ್ ಬರೆದಿದ್ದರು. ಫೋಟೋದಲ್ಲಿ ಅವರು ಕಂಪನಿಯ ನೀಲಿ ಟೀ ಶರ್ಟ್ ಹಾಕಿಕೊಂಡು, ಎಂದಿನಂತೆ ಕ್ಯಾಮೆರಾ ಬಿಟ್ಟು ಮೇಲೆಲ್ಲೋ ನೋಡುತ್ತಿದ್ದರು. ಅದೇ ಟೀ ಶರ್ಟನ್ನು ಒಗೆದು, ಮಡಿಸಿ, ನನ್ನ ಮೇಜಿನ ಮೇಲಿಟ್ಟು ಅವರು ಮೆಟ್ಟಿಲಿಳಿದು ಹೋದ ದಿನ ಈ ಹೆಮ್ಮೆ ಯಾವ ಕಪಾಟಿನೊಳಗೆ ಕೂತಿತ್ತೋ ನನಗೆ ಗೊತ್ತಿಲ್ಲ. ಸತ್ತ ಎಮ್ಮೆಗೆ ಹಾಲು ಹೆಚ್ಚು ಎಂದು ನಮ್ಮಮ್ಮ ಹೇಳುತ್ತಿದ್ದದ್ದು ಸುಳ್ಳಲ್ಲ. ನಾನು ಕೈಮುಗಿಯಲಿಲ್ಲ. ಫೋನನ್ನು ಡ್ರಾಯರಿನೊಳಗೆ ಹಾಕಿ ಡ್ರಾಯರನ್ನು ದಡಾರನೆ ಮುಚ್ಚಿದೆ.

ನಾನು ತೀರ್ಥಹಳ್ಳಿಯಲ್ಲಿ ಡಿಶ್ ಟಿವಿ ಕನೆಕ್ಷನ್ ಕೊಡುವ ಕಂಪನಿಯೊಂದರ ಸರ್ವೀಸ್ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲ್ಲೂಕಿನ ಫೋನುಗಳು ನನ್ನ ಮೇಜಿಗೇ ಬರುತ್ತವೆ. ಯಾರಿಗೆ ಹೊಸ ಕನೆಕ್ಷನ್ ಬೇಕೋ ಅವರ ವಿಳಾಸ ಬರೆದುಕೊಂಡು, ಕಂಪ್ಯೂಟರಿಗೆ ಹಾಕಿ, ಟೆಕ್ನೀಷಿಯನ್‌ಗಳಿಗೆ ಹಂಚುವುದು ನನ್ನ ಕೆಲಸ. ಅವರು ಆ ಟೆಕ್ನೀಷಿಯನ್‌ಗಳಲ್ಲಿ ಎಲ್ಲರಿಗಿಂತ ಹಳಬರು. ನಾನು ಅಣ್ಣ ಎನ್ನುತ್ತಿದ್ದೆ, ಅವರು ತಂಗಿ ಎನ್ನುತ್ತಿದ್ದರು. ಹೆಸರು ಬರೆಯುವುದಿಲ್ಲ. ಬರೆದರೆ ನಮ್ಮ ಕಂಪನಿಯವರು ಅದನ್ನೂ ಒಂದು ಪೋಸ್ಟರಿಗೆ ಅಂಟಿಸಿಕೊಂಡಾರು.

ಅವರು ಸಾಧು ಮನುಷ್ಯರೇನಲ್ಲ. ಫೋನ್ ಎತ್ತುತ್ತಿರಲಿಲ್ಲ. ಕೆಲಸ ಮುಗಿಯದೆ ಯಾರ ಮನೆಯ ಕಾಫಿಯನ್ನೂ ಮುಟ್ಟುತ್ತಿರಲಿಲ್ಲ, ಮುಗಿದ ಮೇಲೆ ಕೊಡದಿದ್ದರೆ ಕೇಳಿ ಕುಡಿಯುತ್ತಿದ್ದರು. ಯಜಮಾನರುಗಳ ಜೊತೆ ಮಾತೆಂದರೆ ಅವರಿಗೆ ಆಗುತ್ತಲೇ ಇರಲಿಲ್ಲ. ಒಂದು ಮನೆಗೆ ಹೋದರೆ ಮೊದಲು ಅಂಗಳದ ನಡುವೆ ನಿಂತು, ಆಗ್ನೇಯ ದಿಕ್ಕಿಗೆ ಕೈ ಚಾಚಿ, ಮುಷ್ಟಿಯ ಮೇಲೆ ಮುಷ್ಟಿ ಇಟ್ಟು ಆಕಾಶವನ್ನು ಅಳೆಯುತ್ತಿದ್ದರು. ಆರು ಮುಷ್ಟಿ ಮೇಲೆ ಉಪಗ್ರಹ. ಇದನ್ನು ನೋಡಿ ಸಾಗರದ ಕಡೆಯ ಒಂದು ಮನೆಯಲ್ಲಿ ಅಜ್ಜಿಯೊಬ್ಬರು ಮಾಟ ತೆಗೆಯುವವರು ಬಂದರೆಂದು ತಿಳಿದು ತೆಂಗಿನಕಾಯಿ ತಂದಿಟ್ಟಿದ್ದರಂತೆ. 'ಕಾಯಿ ಬೇಡ ಅಂದ್ರೆ ಬೇಜಾರು ಮಾಡ್ಕೊಳ್ತಾರೆ ಅಂತ ತಗೊಂಡು ಬಂದೆ' ಎಂದು ಅದನ್ನು ನನಗೇ ಕೊಟ್ಟರು.

ಮುಷ್ಟಿ ಅಳೆದಾದ ಮೇಲೆ ಅವರ ನಿಜವಾದ ಪರೀಕ್ಷೆ. ಅದು ಹೆಂಗಸರಿಗೆ. ಹುಂಚದ ಒಂದು ಮನೆಯಲ್ಲಿ ನಾನೇ ಒಮ್ಮೆ ಕಂಡಿದ್ದೇನೆ. ಆಫೀಸಿನಲ್ಲಿ ಕೂತವರೂ ತಿಂಗಳಿಗೊಮ್ಮೆ ಟೆಕ್ನೀಷಿಯನ್ ಜೊತೆ ಹೋಗಿ ಗಿರಾಕಿಗಳನ್ನು ಕಾಣಬೇಕೆಂಬ ನಿಯಮವಿತ್ತು. ಅವತ್ತು ಅವರ ಬೈಕಿನ ಹಿಂದೆ ಕೂತು ಹೋಗಿದ್ದೆ. ಮನೆಯ ಯಜಮಾನರು ಜಗಲಿಯಲ್ಲಿ ನಿಂತು, ಡಿಶ್ ಎಲ್ಲಿಡಬೇಕು, ಹೇಗಿಡಬೇಕು ಎಂದು ಅಪ್ಪಣೆ ಕೊಡುತ್ತಿದ್ದರು. ಇವರು ಅವರನ್ನು ದಾಟಿ ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತರು.

'ಅಮ್ಮಾ, ಶಿವರಾತ್ರಿ ಕಳೆದು ಯುಗಾದಿ ಒಳಗೆ, ಬೆಳಿಗ್ಗೆ ಹನ್ನೊಂದು ಗಂಟೆಗೆ ಹಪ್ಪಳ ಎಲ್ಲಿ ಒಣಹಾಕ್ತೀರಿ?'

'ಬಾವಿ ಕಟ್ಟೆ ಹತ್ರ. ಯಾಕ್ರೀ?'

'ನವರಾತ್ರಿ ಹೊತ್ತಿಗೆ ಹಾಸಿಗೆ, ಕಂಬಳಿ?'

'ಅದೂ ಅಲ್ಲೇ.'

'ಹಂಗಾದ್ರೆ ಡಿಶ್ಶೂ ಅಲ್ಲೇ.'

ಯಜಮಾನರ ಮುಖ ಕೆಂಪಾಯಿತು. 'ಟಿವಿ ತಗೊಳ್ಳೋನು ನಾನು. ಹಪ್ಪಳದ ಸುದ್ದಿ ಎಂತಕ್ಕೆ ಮಾರಾಯ್ರೆ?'

'ನಿಮ್ಗೆ ಬಿಸಿಲು ಎಲ್ಲಿ ಬೀಳುತ್ತೆ ಗೊತ್ತಾ?' ಎಂದು ಇವರು ಕೇಳಿದರು. ಒಳಗೆ ಆ ಹೆಂಗಸು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು.

ಅದರ ಮರ್ಮವನ್ನು ವಾಪಸ್ ಬರುವಾಗ ನನಗೆ ಹೇಳಿದರು. ವರ್ಷಕ್ಕೆ ಎರಡು ಸಲ, ಯುಗಾದಿಗೆ ಮುಂಚೆ ಮತ್ತು ನವರಾತ್ರಿಯ ಆಚೀಚೆ, ಕೆಲವು ದಿನ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಎಲ್ಲರ ಟಿವಿಯೂ ಐದು ಹತ್ತು ನಿಮಿಷ ನಿಂತುಹೋಗುತ್ತದೆ. ಆಗ ಸೂರ್ಯ ಸರಿಯಾಗಿ ಉಪಗ್ರಹದ ಬೆನ್ನ ಹಿಂದೆ ಬಂದಿರುತ್ತಾನೆ. ನಮ್ಮಂಥವರು ಅದನ್ನು ಬರೀ ಕಂಪ್ಲೇಂಟ್ ಎಂದು ಬರೆದುಕೊಳ್ಳುತ್ತಿದ್ದೆವು. ಅವರು ಅದನ್ನೇ ತಿರುಗಿಸಿ ಯೋಚಿಸಿದ್ದರು. ಆ ಹೊತ್ತಿನ ಬಿಸಿಲು ಎಲ್ಲಿ ನೆಲ ಮುಟ್ಟುತ್ತದೋ ಅಲ್ಲಿ ಸಿಗ್ನಲ್ಲೂ ಮುಟ್ಟುತ್ತದೆ. ಮಲೆನಾಡಿನಲ್ಲಿ ಅಂಗೈಯಗಲ ಬಿಸಿಲು ಯಾವ ತಿಂಗಳು ಯಾವ ಮೂಲೆಯಲ್ಲಿ ಬೀಳುತ್ತದೆ ಎಂಬುದು ಹಪ್ಪಳ ಒಣಗಿಸುವ ಹೆಂಗಸಿಗಲ್ಲದೆ ಇನ್ಯಾರಿಗೆ ಗೊತ್ತು? ಹಪ್ಪಳ ಒಂದೇ ಸಾಲದು. ಯುಗಾದಿಗೆ ಮುಂಚೆ ಎಷ್ಟೋ ಮರ ಎಲೆ ಉದುರಿಸಿ ನಿಂತಿರುತ್ತವೆ. ನವರಾತ್ರಿಗೆ ಎಲ್ಲವೂ ಮೈತುಂಬಿಕೊಂಡಿರುತ್ತವೆ. ಅದಕ್ಕೇ ಹಾಸಿಗೆಯ ಪ್ರಶ್ನೆ. ಎರಡೂ ಒಂದೇ ಜಾಗದಲ್ಲಿ ಒಣಗಿದರೆ ಅವರು ಬೋಲ್ಟ್ ಬಿಗಿಯುತ್ತಿದ್ದರು. ಅಂಥ ಮನೆಗಳಿಂದ ನನಗೆ ಎರಡನೇ ಸಲ ಫೋನ್ ಬಂದದ್ದು ನೆನಪಿಲ್ಲ.

ಹೀಗಿರುವಾಗ ಕಂಪನಿಯವರು ಹೊಸ ಸಾಫ್ಟ್‌ವೇರ್ ತಂದರು. ಗಿರಾಕಿಯ ವಿಳಾಸ ಹೊಡೆದರೆ ಸಾಕು, ನಕ್ಷೆಯಲ್ಲಿ ಅಲ್ಲಿನ ಗುಡ್ಡ, ಮರ ನೋಡಿ, ಆ ಮನೆಯಲ್ಲಿ ಸಿಗ್ನಲ್ ಎಷ್ಟು ಚೆನ್ನಾಗಿ ಬರುತ್ತದೆಂದು ಮೊದಲೇ ಹೇಳುತ್ತದೆ. ಹಸಿರು ಬಂದರೆ ಉತ್ತಮ, ಕೆಂಪು ಬಂದರೆ ಕಷ್ಟ. ಹಸಿರು ಬಂದ ಮನೆಗೆ ಡಿಶ್ ಇಡದೆ ಟೆಕ್ನೀಷಿಯನ್ ವಾಪಸಾದರೆ ಅವನ ಹೆಸರಿನ ಮುಂದೆ ಒಂದು ಕಪ್ಪು ಚುಕ್ಕೆ. ಮೂರು ಚುಕ್ಕೆಯಾದರೆ ಐಡಿ ಬಂದ್, ಕೆಲಸವೂ ಬಂದ್.

ನಮ್ಮ ಕಡೆಯ ವಿಳಾಸ ಎಂಥದೆಂದು ಆ ಸಾಫ್ಟ್‌ವೇರ್ ಬರೆದವರಿಗೆ ಯಾರೂ ಹೇಳಿರಲಿಲ್ಲ. ನಮ್ಮಲ್ಲಿ ಒಂದು ಊರೆಂದರೆ ನಾಲ್ಕು ಗುಡ್ಡ, ಮೂರು ಹಳ್ಳ, ಅಲ್ಲೊಂದು ಇಲ್ಲೊಂದು ಮನೆ. ಎಲ್ಲರ ವಿಳಾಸದಲ್ಲೂ ಇರುವುದು ಅಂಚೆ ಕಚೇರಿಯ ಹೆಸರೊಂದೇ. ಸಾಫ್ಟ್‌ವೇರ್ ಹೋಗಿ ಆ ಅಂಚೆ ಕಚೇರಿಯ ತಲೆಯ ಮೇಲೆ ಗುರುತು ಹಾಕಿ, ಆಹಾ ಬಯಲು, ಆಹಾ ಹಸಿರು ಎನ್ನುತ್ತಿತ್ತು. 'ಆಕಾಶಕ್ಕೆ ಪಿನ್‌ಕೋಡ್ ಇಲ್ಲ ತಂಗಿ' ಎಂದು ಅವರು ಮೊದಲ ದಿನವೇ ಹೇಳಿದ್ದರು. ನಾನು ನಕ್ಕಿದ್ದೆ.

ಮೊದಲ ಚುಕ್ಕೆ ಹೊಸನಗರದ ಕಡೆ ಬಿತ್ತು. ಹಿನ್ನೀರಿನಲ್ಲಿ ಊರು ಮುಳುಗಿ ಎಷ್ಟೋ ಕಾಲವಾದರೂ ಆ ಮನೆಯವರು ವಿಳಾಸದಲ್ಲಿ ಮುಳುಗಿದ ಊರಿನ ಹೆಸರನ್ನೇ ಬರೆಯುತ್ತಾರೆ. ಅದು ಅವರ ಊರು, ಬರೆಯದೆ ಏನು ಮಾಡುತ್ತಾರೆ? ಈಗ ಅವರಿರುವುದು ಮೇಲಿನ ಗುಡ್ಡದ ದಟ್ಟ ಕಾಡಿನ ನೆರಳಲ್ಲಿ. ನಮ್ಮ ಪರದೆಯ ಗುರುತು ಮಾತ್ರ ನೀರಿನ ನಟ್ಟನಡುವೆ ಬಿದ್ದು, ಇಡೀ ತಾಲ್ಲೂಕಿನಲ್ಲೇ ಇಲ್ಲದಷ್ಟು ಅಚ್ಚ ಹಸಿರು ತೋರಿಸಿತು. ನೀರಿನ ಮೇಲೆ ಮರವೆಲ್ಲಿಂದ ಬರಬೇಕು? ಇವರು ಹೋಗಿ ನೋಡಿ ವಾಪಸ್ ಬಂದರು. ಯಾಕೆ ಇಡಲಿಲ್ಲವೆಂದು ಮ್ಯಾನೇಜರ್ ಫೋನಿನಲ್ಲಿ ದಬಾಯಿಸಿದಾಗ, 'ಅಡ್ರೆಸ್ ಇರೋ ಜಾಗದಲ್ಲೇ ಇಡ್ಬೇಕು ಅಂದ್ರೆ ಒಂದು ದೋಣಿ ಕೊಡ್ಸಿ ಸಾರ್' ಎಂದರು. ಹಸಿರು ಮನೆಯಿಂದ ವಾಪಸಾದದ್ದಕ್ಕೆ, ಮೇಲೆ ಈ ಉದ್ಧಟತನಕ್ಕೆ, ಒಂದು ಚುಕ್ಕೆ.

ಎರಡನೆಯದು ಆಗುಂಬೆಯಲ್ಲಿ. ಅಲ್ಲಿ ಜಾಗವೇನೋ ಬಯಲೇ. ಆದರೆ ಗಿರಾಕಿ, ಮಳೆಗಾಲದಲ್ಲೂ ಹೀಗೇ ಬರುತ್ತಾ ಎಂದು ಕೇಳಿದರು. ಬರುತ್ತೆ ಎಂದು ತಲೆಯಾಡಿಸಿ ಬರಬೇಕಾದ ಕಡೆ ಇವರು, 'ಜೋರು ಮಳೆ ಇದ್ದಾಗ ಬರಲ್ಲ. ಇಲ್ಲಿ ಜೋರು ಮಳೆ ಯಾವಾಗ ಇರಲ್ಲ ಹೇಳಿ. ಆ ಮೂರು ತಿಂಗಳಿಗೆ ಒಂದು ರೇಡಿಯೋ ಇಟ್ಕೊಳ್ಳಿ' ಎಂದುಬಿಟ್ಟರು. ಗಿರಾಕಿ ಕನೆಕ್ಷನ್ನೇ ಬೇಡವೆಂದರು. ಎರಡು ಚುಕ್ಕೆ. ಅವತ್ತು ನನಗೂ ಅವರ ಮೇಲೆ ಸಿಟ್ಟು ಬಂದಿತ್ತು. 'ಅಣ್ಣ, ನಿಮ್ಗೆ ಬಾಯಿ ಮುಚ್ಕೊಂಡು ಇರಕ್ಕಾಗಲ್ವಾ?' ಎಂದು ಕೂಗಾಡಿದೆ. 'ಜೂನಲ್ಲಿ ಅವ್ರು ನಿಮ್ಗೇ ಬಯ್ಯೋದಲ್ವಾ ತಂಗಿ' ಎಂದರು. ಅದೂ ನಿಜ.

ಮೂರನೆಯ ಚುಕ್ಕೆ ಬಿದ್ದದ್ದು ಕವಲೇದುರ್ಗದ ಕೆಳಗಿನ ಒಂದು ರೈತರ ಮನೆಯಲ್ಲಿ. ಅದನ್ನು ಇಟ್ಟ ಬೆರಳು ನನ್ನದು.

ಫೋನ್ ಮಾಡಿದ್ದು ಆ ಮನೆಯ ಮಗ. ಅವರ ತಾಯಿ ಕೊಟ್ಟಿಗೆಯಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದರು. ತಿಂಗಳುಗಟ್ಟಲೆ ಹಾಸಿಗೆ. ಮಲಗಿದಲ್ಲಿಂದ ನೋಡಲು ಒಂದು ಟಿವಿಯಾದರೂ ಇರಲಿ ಎಂದು ಮಗನ ಆಸೆ. ನಾನು ವಿಳಾಸ ಹೊಡೆದೆ. ಹಸಿರು. 'ಚೆನ್ನಾಗಿ ಬರುತ್ತೆ ಸಾರ್' ಎಂದು ನಾನೇ, ಈ ಬಾಯಿಂದಲೇ ಹೇಳಿದೆ. ಫೆಬ್ರವರಿಯ ಕೊನೆ. ಆ ತಿಂಗಳ ನನ್ನ ಹೊರಗಿನ ಭೇಟಿಯೂ ಬಾಕಿಯಿತ್ತು, ಹಾಗಾಗಿ ನಾನೂ ಅವರ ಜೊತೆ ಹೋದೆ.

ಮನೆಯ ಆಗ್ನೇಯಕ್ಕೆ, ಬೇಲಿಯಾಚೆ ಅರಣ್ಯ ಇಲಾಖೆಯ ಜಾಗದಲ್ಲಿ ಒಂದು ಭಾರೀ ಬೂರುಗದ ಮರ. ಒಂದೆಲೆಯಿಲ್ಲದೆ ಬೋಳಾಗಿ, ಬರೀ ಕೆಂಪು ಹೂ ಹೊತ್ತು ನಿಂತಿತ್ತು. ಅಂಗಳದಲ್ಲಿ ಚಾಪೆ ಹಾಸಿ ಸೊಸೆ ಆಗಷ್ಟೇ ಹಪ್ಪಳ ಹರವಿದ್ದಳು. ಇವರು ಮುಷ್ಟಿ ಅಳೆದರು, ಮರ ನೋಡಿದರು, ಹಪ್ಪಳ ನೋಡಿದರು.

'ಹಪ್ಪಳ ಇಲ್ಲೇ ಒಣಗುತ್ತಾ ತಾಯಿ?'

'ಇಲ್ಲೇ ಅಣ್ಣ. ಒಂದೇ ದಿನಕ್ಕೆ ಗರಿಗರಿ ಆಗ್ತವೆ.'

'ನವರಾತ್ರೀಲಿ ಹಾಸಿಗೆ?'

'ಅಯ್ಯೋ, ಹಪ್ಪಳ ಒಣಗುತ್ತೆ, ಹಾಸಿಗೆ ಒಣಗಲ್ಲ. ಆವಾಗ ಇಲ್ಲಿ ಬಿಸಿಲೇ ಇರಲ್ಲ. ರಸ್ತೆ ಆಚೆ ಗದ್ದೆ ಪಕ್ಕ ಒಂದು ಬಂಡೆ ಇದೆ, ಅಲ್ಲಿಗೆ ಹೊತ್ಕೊಂಡು ಹೋಗ್ತೀನಿ.'

ಅವರು ಮೀಟರ್ ತೆಗೆದು ಡಿಶ್ಶನ್ನು ಅಂಗಳದಲ್ಲೇ ಒಮ್ಮೆ ಹಿಡಿದು ನನಗೆ ತೋರಿಸಿದರು. ಸಿಗ್ನಲ್ ಚೆನ್ನಾಗಿಯೇ ಇತ್ತು. 'ಇವತ್ತು ಇಟ್ರೆ ಇವತ್ತು ಬರುತ್ತೆ. ಮರ ಚಿಗುರಿದ ಮೇಲೆ ಹೋಗುತ್ತೆ' ಎಂದರು. ಬಂಡೆಯ ಮೇಲೆ ಇಡೋಣವೆಂದರೆ ಕಂಪನಿ ಒಂದು ಮನೆಗೆ ಕೊಡುವ ವೈರಿನ ನಾಲ್ಕು ಪಟ್ಟು ಬೇಕು. ನಾನು ಅಲ್ಲಿಂದಲೇ ಮ್ಯಾನೇಜರಿಗೆ ಫೋನ್ ಮಾಡಿದೆ. 'ಮೇಡಂ, ಗ್ರೀನ್ ಇರೋ ಕಡೆ ಎಕ್ಸ್‌ಟ್ರಾ ವೈರ್ ಯಾಕೆ? ಸಿಗ್ನಲ್ ಬರ್ತಾ ಇದೆಯೋ ಇಲ್ವೋ, ಅಷ್ಟು ಹೇಳಿ.' ಬರುತ್ತಿದೆ ಎಂದೆ. 'ಮತ್ತೆ ಇಟ್ಟು ಬರೋಕೆ ಏನು ರೋಗ ಅವ್ರಿಗೆ?' ಎಂದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರ ಜೊತೆ ಯಾವ ಬಾಯಲ್ಲಿ ವಾದ ಮಾಡುವುದು?

ಇಟ್ಟುಬಿಡಿ ಅಣ್ಣ, ಎರಡು ಚುಕ್ಕೆ ಆಗಿವೆ ಎಂದು ನಾನು ಮೆಲ್ಲಗೆ ಹೇಳಿದೆ. ಅವರು ಒಳಗೆ ಮಲಗಿದ್ದ ಆ ತಾಯಿಯ ಕಡೆ ಕೈ ತೋರಿಸಿದರು. 'ಅವ್ರಿಗೆ ಒಂದು ತಿಂಗಳು ತೋರ್ಸಿ ಆಮೇಲೆ ಕಿತ್ಕೊಳ್ಳೋದಾ? ನನ್ ಕೈಲಾಗಲ್ಲ.' ಡಿಶ್ಶನ್ನು ಬೈಕಿಗೆ ಕಟ್ಟಿದರು. ಮಗ ಗೇಟಿನ ತನಕ ಬಂದು ಕೂಗಾಡಿದರು. 'ನಿಮ್ಮ ಆಫೀಸಿನವ್ರೇ ಬರುತ್ತೆ ಅಂದಿದಾರೆ, ನೀವ್ಯಾರ್ರೀ ಬರಲ್ಲ ಅನ್ನೋಕೆ?' ಆ ಆಫೀಸಿನವಳು ನಾನೇ ಎಂದು ಹೇಳುವ ಧೈರ್ಯ ನನಗೆ ಬರಲಿಲ್ಲ. ಬೈಕಿನ ಹಿಂದೆ ತಲೆ ತಗ್ಗಿಸಿ ಕೂತೆ.

ಸಂಜೆ ಮಗನ ದೂರು ಬಂತು. ಪರದೆಯ ಮೇಲೆ ಕಾರಣದ ಪಟ್ಟಿ ತೆರೆಯಿತು. ಗಿರಾಕಿ ಮನೆಯಲ್ಲಿರಲಿಲ್ಲ, ಸಾಮಾನು ಕೆಟ್ಟಿತ್ತು, ಟೆಕ್ನೀಷಿಯನ್ ನಿರಾಕರಿಸಿದ. ಮೂರೇ. ಮರ ಎನ್ನುವ ಕಾರಣವೇ ಆ ಪಟ್ಟಿಯಲ್ಲಿರಲಿಲ್ಲ. ಮೂಲೆಯಲ್ಲಿ ಸಣ್ಣದೊಂದು ಪೆನ್ಸಿಲ್ ಗುರುತು ಇರುತ್ತದೆ. ಅದನ್ನು ಒತ್ತಿ ನಾನು ಆ ಮನೆಯ ಜಾಗವನ್ನು ಅಂಚೆ ಕಚೇರಿಯಿಂದ ಎಳೆದು ಬೂರುಗದ ಮರದ ಬುಡಕ್ಕೆ ತಂದಿಡಬಹುದಿತ್ತು. ಮನೆ ಕೆಂಪಾಗುತ್ತಿತ್ತು, ಅವರು ಉಳಿಯುತ್ತಿದ್ದರು. ಕೆಂಪು ಹೆಚ್ಚಾದರೆ ಮೇಲಿನವರಿಗೆ ಉತ್ತರ ಹೇಳಬೇಕಾಗುತ್ತದೆ, ಪೆನ್ಸಿಲ್ ಮುಟ್ಟಬೇಡಿ ಎಂದು ಮ್ಯಾನೇಜರ್ ಮೊದಲೇ ತಾಕೀತು ಮಾಡಿದ್ದರು. ನನಗೆ ನನ್ನ ಕುರ್ಚಿ ಬೇಕಿತ್ತು. ಬೇರೆ ಯಾವ ಕಾರಣವೂ ಇಲ್ಲ. 'ಟೆಕ್ನೀಷಿಯನ್ ನಿರಾಕರಿಸಿದ' ಎಂಬುದನ್ನು ಒತ್ತಿದೆ. ಹತ್ತು ನಿಮಿಷದಲ್ಲಿ ಅವರ ಐಡಿ ಮುಚ್ಚಿತು.

ಮರುದಿನ ಅವರು ಟೀ ಶರ್ಟ್, ಕಾರ್ಡ್, ಮೀಟರ್ ತಂದು ಮೇಜಿನ ಮೇಲಿಟ್ಟರು. ನಾನು ಅತ್ತೆ. ನಾಚಿಕೆಗೆಟ್ಟ ಅಳು. 'ಬಿಡಿ ತಂಗಿ, ನೀವು ಒತ್ತದಿದ್ರೆ ಇನ್ನೊಬ್ರು ಒತ್ತುತ್ತಿದ್ರು' ಎಂದರು. ಇವತ್ತಿಗೂ ಆ ಮಾತು ನೆನಪಾದರೆ ನನಗೆ ಅವರ ಮೇಲೇ ಕೋಪ ಬರುತ್ತದೆ. ಇನ್ನೊಬ್ಬರು ಒತ್ತಲಿಲ್ಲ, ನಾನು ಒತ್ತಿದ್ದು. ಯಜಮಾನರುಗಳಿಗೆ, ಮ್ಯಾನೇಜರಿಗೆ ಮುಖದ ಮೇಲೆ ಹೊಡೆದಂತೆ ಹೇಳುವ ಮನುಷ್ಯ ನನಗೊಬ್ಬಳಿಗೆ ಯಾಕೆ ರಿಯಾಯಿತಿ ತೋರಿಸಬೇಕಿತ್ತು? ಬೈದಿದ್ದರೆ ನನಗೆ ನಿದ್ದೆಯಾದರೂ ಬರುತ್ತಿತ್ತು.

ಬೇರೊಬ್ಬ ಟೆಕ್ನೀಷಿಯನ್ ಹೋಗಿ ಅದೇ ಅಂಗಳದಲ್ಲಿ ಡಿಶ್ ಇಟ್ಟು, ಮಲಗಿದ ತಾಯಿ ಟಿವಿ ನೋಡಿ ನಗುವ ಫೋಟೋವನ್ನು ಗ್ರೂಪಿಗೆ ಹಾಕಿದ. 'ಬರಲ್ಲ ಅಂದಿದ್ರಲ್ಲ ನಿಮ್ಮ ಪಂಡಿತರು, ನೋಡಿ' ಎಂದು ಮ್ಯಾನೇಜರ್ ಬರೆದರು. ಎಲ್ಲರೂ ಹೆಬ್ಬೆರಳು ಎತ್ತಿದರು.

ಯುಗಾದಿ ಕಳೆದು ಎರಡು ವಾರಕ್ಕೆ ಸೊಸೆಯ ಫೋನ್ ಬಂತು. ಚಿತ್ರ ಒಡೆದು ಒಡೆದು ಬರುತ್ತಿದೆ. ಇನ್ನೊಂದು ವಾರಕ್ಕೆ ಪೂರ್ತಿ ನಿಂತಿತು. ನನ್ನ ಪರದೆ ಮಾತ್ರ ಹಸಿರಾಗಿಯೇ ಇತ್ತು. 'ಮರ ಕಡಿಸಿಕೊಳ್ಳಲು ಗಿರಾಕಿಗೆ ತಿಳಿಸಲಾಗಿದೆ' ಎಂದು ಬರೆದು ಮ್ಯಾನೇಜರ್ ದೂರನ್ನು ಮುಚ್ಚಿಸಿದರು. ಸರ್ಕಾರದ ಮರ! ಕಡಿದರೆ ಆ ಮಗ ಜೈಲಿಗೆ ಹೋಗುತ್ತಾರೆ. ನನಗೆ ಮೈಯೆಲ್ಲ ಉರಿದುಹೋಯಿತು. ಅವತ್ತು ಎರಡು ತಿಂಗಳ ನಂತರ ಮೊದಲ ಸಲ ಅವರಿಗೆ ಫೋನ್ ಮಾಡಿದೆ. ಎಂದೂ ಎತ್ತದವರು ಅವತ್ತು ಎತ್ತಿದರು. ನಾನು ಹಲೋ ಎನ್ನುವ ಮೊದಲೇ, 'ಚಿಗುರಿತಾ?' ಎಂದರು.

ಅವರು ಮಾರನೇ ದಿನವೇ ಹೋದರಂತೆ. ತಮ್ಮಲ್ಲಿದ್ದ ಹಳೇ ವೈರುಗಳನ್ನೆಲ್ಲ ಜೋಡಿಸಿ, ರಸ್ತೆಯ ಮೇಲೆ ಎತ್ತರಕ್ಕೆ ಹಾಯಿಸಿ, ಹಾಸಿಗೆ ಒಣಗುವ ಬಂಡೆಯ ಮೇಲೆ ಡಿಶ್ ಕೂರಿಸಿದರಂತೆ. ಸಂಜೆಗೆ ಚಿತ್ರ ಬಂತು. ಗೇಟಿನ ತನಕ ಬಂದು ಕೂಗಾಡಿದ್ದ ಮಗ ಅವತ್ತು ಏಣಿ ಹಿಡಿದು ನಿಂತಿದ್ದರಂತೆ. ಇದು ಹೇಗೋ ಶಿವಮೊಗ್ಗಕ್ಕೆ ಗೊತ್ತಾಗಿ, ಕಂಪನಿಯ ಸಾಮಾನು ಮುಟ್ಟಿದ್ದಕ್ಕೆ ಅವರಿಗೊಂದು ನೋಟಿಸ್ ಹೋಯಿತು. ಅದನ್ನು ಟೈಪ್ ಮಾಡಿದ್ದೂ ನಾನೇ. ಕವರಿನ ಮೇಲೆ ಅವರ ವಿಳಾಸವನ್ನು ತಪ್ಪು ಬರೆಯೋಣವೆಂದು ಒಂದು ಕ್ಷಣ ಅನಿಸಿತ್ತು. ಬರೆಯಲಿಲ್ಲ. ಹೇಡಿಗೆ ಸುಳ್ಳು ಹೇಳಲೂ ಧೈರ್ಯ ಬೇಕು.

ನವರಾತ್ರಿ ಕಳೆದ ಮೇಲೆ ಒಂದು ಬೆಳಿಗ್ಗೆ ಅವರು ಎದೆನೋವೆಂದರು, ಶಿವಮೊಗ್ಗದ ಆಸ್ಪತ್ರೆ ತಲುಪುವ ಮೊದಲೇ ಮುಗಿದುಹೋಯಿತು. ಸುದ್ದಿ ಹೇಳಲು ಕವಲೇದುರ್ಗದ ಆ ಸೊಸೆಗೆ ಫೋನ್ ಮಾಡಿದೆ. ಹಿಂದೆ ಟಿವಿಯ ಸದ್ದು ಕೇಳುತ್ತಿತ್ತು.

'ಮೊನ್ನೆ ನವರಾತ್ರೀಲಿ ಬಂದಿದ್ರು ಅಕ್ಕ. ಹನ್ನೊಂದು ಗಂಟೆಗೆ ಸರಿಯಾಗಿ. ಡಿಶ್ ಮೇಲೆ ಬಿಸಿಲು ಬಿದ್ದಿದೆಯಾ ನೋಡ್ಬೇಕಿತ್ತು ಅಂದ್ರು. ಬಂಡೆ ಮೇಲೆ ಹಾಸಿಗೆ ಹಾಕಿದ್ದೆ. ಪಕ್ಕದಲ್ಲಿ ಕೂತ್ಕೊಂಡು ಕಾಫಿ ಕುಡಿದು ಹೋದ್ರು.'

ಫೋನ್ ಇಟ್ಟ ಮೇಲೆ ಗ್ರೂಪಿನ ಆ ನೀಲಿ ಟೀ ಶರ್ಟಿನ ಫೋಟೋವನ್ನು ಇನ್ನೊಮ್ಮೆ ತೆಗೆದು ನೋಡಿದೆ. ಆಮೇಲೆ ಕಂಪ್ಯೂಟರಿನ ಕಡೆ ತಿರುಗಿ ಆ ಮನೆಯ ವಿಳಾಸ ತೆರೆದೆ. ಪೆನ್ಸಿಲ್ ಗುರುತು ಒತ್ತಿ, ಅಂಚೆ ಕಚೇರಿಯ ಮೇಲಿದ್ದ ಚುಕ್ಕಿಯನ್ನು ಎಳೆದು ಬೂರುಗದ ಮರದ ಪಕ್ಕ ತಂದಿಟ್ಟೆ. ಮನೆ ಕೆಂಪಾಯಿತು. ಎಂಟು ತಿಂಗಳು ತಡವಾಗಿ.

ಈಗ ಯಾರೇ ಹೊಸ ಕನೆಕ್ಷನ್ನಿಗೆ ಫೋನ್ ಮಾಡಿದರೂ, ಮನೆಯಲ್ಲಿ ಹೆಂಗಸರಿದ್ದರೆ ಫೋನ್ ಕೊಡಿ ಎನ್ನುತ್ತೇನೆ. ಮೊನ್ನೆ ಆಗುಂಬೆಯ ಒಬ್ಬರು ಬಿದ್ದು ಬಿದ್ದು ನಕ್ಕರು. 'ನಮ್ಮಲ್ಲಿ ಹಪ್ಪಳ ಒಣಗೋದೇ ಒಂದು ಪವಾಡ ಮಾರಾಯ್ತಿ, ನೀನು ಜಾಗ ಕೇಳ್ತಿದ್ದೀಯಲ್ಲ!' ನಕ್ಕಾದ ಮೇಲೆ ಜಾಗ ಹೇಳಿದರು. ನಮ್ಮ ಮಾತುಗಳೆಲ್ಲ ರೆಕಾರ್ಡ್ ಆಗುತ್ತವೆ, ಶಿವಮೊಗ್ಗದಲ್ಲಿ ಕೂತು ಕೇಳುತ್ತಾರೆ. ಗಿರಾಕಿಗಳಿಗೆ ಹಪ್ಪಳ, ಹಾಸಿಗೆ ಇತ್ಯಾದಿ ಸಂಬಂಧವಿಲ್ಲದ ಪ್ರಶ್ನೆ ಕೇಳಿದ್ದಕ್ಕೆ, ಅನುಮತಿಯಿಲ್ಲದೆ ಜಾಗ ಬದಲಿಸಿದ್ದಕ್ಕೆ ಕಾರಣ ಕೇಳಿ ನಿನ್ನೆ ನನಗೆ ಪತ್ರ ಬಂದಿದೆ. ನನ್ನ ಹೆಸರಿನ ಮುಂದೆ ಮೊದಲ ಚುಕ್ಕೆ ಬಿದ್ದಿದೆ. ಇನ್ನೆರಡು ಬಾಕಿ ಇವೆ. ಬೀಳಲಿ.